ಹೆಚ್.ಐ.ವಿ. ಮತ್ತು ಕ್ಷಯರೋಗ: ಭೌಗೋಳಿಕ ಹಿನ್ನೆಲೆ, ಸಾಮಾಜಿಕ ಕಾರಣಗಳು ಹಾಗೂ ಉತ್ತರಹಳ್ಳಿ ಸುತ್ತಮುತ್ತಲಿನ ನಾಗರಿಕರಿಗೆ ಲಭ್ಯವಿರುವ ಸೇವೆಗಳು

(ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ಹೆಚ್.ಐ.ವಿ. ಸೋಂಕು ಮತ್ತು ಕ್ಷಯರೋಗ ಇವೆರಡೂ ರೋಗಾಣುಗಳಿಂದ ಬರುವ ಕಾಯಿಲೆಗಳು. ಆದರೆ ಅವು ಯಾವ ಊರಿನಲ್ಲಿ ಹೆಚ್ಚು, ಯಾವ ಮನೆಯಲ್ಲಿ ಹೆಚ್ಚು ಎಂಬುದನ್ನು ರೋಗಾಣು ಒಂದೇ ನಿರ್ಧರಿಸುವುದಿಲ್ಲ. ದುಡಿಮೆಯನ್ನು ಅರಸಿ ಊರು ಬಿಡಬೇಕಾದ ಸ್ಥಿತಿ, ಗಾಳಿ ಬೆಳಕಿಲ್ಲದ ವಸತಿ, ಸಾಲದ ಊಟ, ಮಹಿಳೆಯರ ಪರಾಧೀನತೆ, ಆಸ್ಪತ್ರೆಯ ದೂರ ಹಾಗೂ ಜನರ ತಾತ್ಸಾರ, ಇವೆಲ್ಲವೂ ಸೇರಿ ಈ ರೋಗಗಳ ನಕ್ಷೆಯನ್ನು ರೂಪಿಸುತ್ತವೆ.

ಈ ವಿಷಯವನ್ನು ಸೇವೆಗಳ ಮಾಹಿತಿಯೊಂದಿಗೆ ಇಲ್ಲಿ ಸೇರಿಸಿರುವುದಕ್ಕೆ ಒಂದು ಉದ್ದೇಶವಿದೆ. ಸೇವೆ ಕೋರಿ ಬರುವವರಲ್ಲಿ ಅನೇಕರು "ನಾವು ಈ ಊರಿನವರಲ್ಲ, ನಮಗೆ ಇಲ್ಲಿ ಔಷಧಿ ಕೊಡುವರೇ?" ಎಂಬ ಅಳುಕಿನಿಂದ ಬರುತ್ತಾರೆ. ಕೆಲವರು ಅದೇ ಅಳುಕಿನಿಂದ ಬರುವುದೇ ಇಲ್ಲ. ಮಧ್ಯದಲ್ಲಿ ನಿಂತ ಚಿಕಿತ್ಸೆಯು ಪ್ರಾಣಕ್ಕೆ ಎರವಾಗುತ್ತದೆ. ಆದುದರಿಂದ ವಾಸಸ್ಥಳಕ್ಕೂ ರೋಗಕ್ಕೂ ಇರುವ ಸಂಬಂಧವೇನು, ವಾಸಸ್ಥಳಕ್ಕೂ ಚಿಕಿತ್ಸೆಯ ಹಕ್ಕಿಗೂ ಇರುವ ಸಂಬಂಧವೇನು ಎಂಬ ಎರಡು ವಿಷಯಗಳನ್ನು ಈ ಪುಟದಲ್ಲಿ ವಿವರಿಸಲಾಗಿದೆ.

2. ರಾಜ್ಯದಲ್ಲಿ ಹೆಚ್.ಐ.ವಿ. ಹರಡಿದ ಬಗೆ

ಭಾರತದಲ್ಲಿ ಹೆಚ್.ಐ.ವಿ. ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಅಂದಿನ ಮದರಾಸಿನಲ್ಲಿ. 1992ರಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ (ನ್ಯಾಕೋ) ಹಾಗೂ 1997ರಲ್ಲಿ ಕರ್ನಾಟಕ ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿ ಅಸ್ತಿತ್ವಕ್ಕೆ ಬಂದವು. ಗರ್ಭಿಣಿಯರಲ್ಲಿ ಸೋಂಕಿನ ಪ್ರಮಾಣವು ಶೇ 1ನ್ನು ಮೀರಿದ ಕಾರಣ ಕರ್ನಾಟಕವನ್ನು ತಮಿಳುನಾಡು, ಮಹಾರಾಷ್ಟ್ರ, ಆಂಧ್ರಪ್ರದೇಶ, ಮಣಿಪುರ ಮತ್ತು ನಾಗಾಲ್ಯಾಂಡ್‌ಗಳೊಂದಿಗೆ ದೇಶದ ಆರು ಅಧಿಕ ಸೋಂಕಿನ ರಾಜ್ಯಗಳ ಪಟ್ಟಿಗೆ ಸೇರಿಸಲಾಗಿತ್ತು.

ಹೆಚ್.ಐ.ವಿ. ಕೇವಲ ಮಹಾನಗರಗಳ ರೋಗವೆಂಬ ನಂಬಿಕೆ ಆಗ ವ್ಯಾಪಕವಾಗಿತ್ತು. ಉತ್ತರ ಕರ್ನಾಟಕದ ಅನುಭವವು ಈ ನಂಬಿಕೆಯನ್ನು ಸುಳ್ಳಾಗಿಸಿತು. ಬಾಗಲಕೋಟೆ ಜಿಲ್ಲೆಯಲ್ಲಿ 2000ದ ದಶಕದ ಆರಂಭದಲ್ಲಿ ಸಾಮಾನ್ಯ ಜನರ ನಡುವೆ ನಡೆಸಿದ, 2007ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ಶೇ 3ರ ಸಮೀಪದಷ್ಟು ಮಂದಿಗೆ ಸೋಂಕು ಕಂಡುಬಂದಿತು. ಹಳ್ಳಿಗಳಲ್ಲಿಯೂ ಸೋಂಕು ಬೇರೂರಿತ್ತು. ಒಂದೇ ಜಿಲ್ಲೆಯೊಳಗೆ ಹಳ್ಳಿಯಿಂದ ಹಳ್ಳಿಗೆ ಪ್ರಮಾಣದಲ್ಲಿ ಬಹಳ ವ್ಯತ್ಯಾಸವೂ ಇತ್ತು.

ಇದಕ್ಕೆ ಸಾಮಾಜಿಕ ಕಾರಣಗಳು ಹಲವು. ಅವುಗಳಲ್ಲಿ ಮುಖ್ಯವಾದವು ಈ ಕೆಳಕಂಡಂತಿವೆ:

(ಅ) ಮಳೆಯಾಶ್ರಿತ ಬೇಸಾಯದ ಪ್ರದೇಶಗಳಿಂದ ಬರಗಾಲದಲ್ಲಿ ಹಾಗೂ ಬೆಳೆಯಿಲ್ಲದ ತಿಂಗಳುಗಳಲ್ಲಿ ದುಡಿಮೆಗಾಗಿ ಮಹಾರಾಷ್ಟ್ರ, ಗೋವಾ ಮತ್ತು ಬೆಂಗಳೂರಿನ ಕಡೆಗೆ ಗುಳೆ ಹೋಗುವುದು. ಕುಟುಂಬದಿಂದ ತಿಂಗಳುಗಟ್ಟಲೆ ದೂರವಿರುವ ಸ್ಥಿತಿಯು ಸೋಂಕಿನ ಅಪಾಯವನ್ನು ಹೆಚ್ಚಿಸುತ್ತದೆ.

(ಆ) ದೇವದಾಸಿ ಪದ್ಧತಿ. ಈ ಪದ್ಧತಿಯನ್ನು 1982ರ ಕರ್ನಾಟಕ ದೇವದಾಸಿ (ಸಮರ್ಪಣಾ ನಿಷೇಧ) ಅಧಿನಿಯಮವು ನಿಷೇಧಿಸಿತು. ಆದರೆ ಕಾಯ್ದೆ ಬಂದಷ್ಟು ಬೇಗ ಬಡತನ ಹೋಗಲಿಲ್ಲ. 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ರಾಜ್ಯದಲ್ಲಿ ಸಂದರ್ಶಿಸಲಾದ ಲೈಂಗಿಕ ವೃತ್ತಿನಿರತ ಮಹಿಳೆಯರ ಪೈಕಿ ಸುಮಾರು ಕಾಲುಭಾಗದಷ್ಟು ಮಂದಿ ಈ ಪದ್ಧತಿಯ ಮೂಲಕ ವೃತ್ತಿಗೆ ಬಂದವರಾಗಿದ್ದರು.

(ಇ) ವಿವಾಹದೊಳಗಿನ ಅಸಮಾನತೆ. ಪತಿಯ ಹೊರತು ಬೇರೆ ಸಂಬಂಧವನ್ನೇ ಅರಿಯದ ಅನೇಕ ಗೃಹಿಣಿಯರಿಗೆ ಸೋಂಕು ತಗುಲಿದೆ. 2021ರ ರಾಷ್ಟ್ರೀಯ ಅಂದಾಜಿನ ಪ್ರಕಾರ ದೇಶದ ಒಟ್ಟು ಸೋಂಕಿತರಲ್ಲಿ ಶೇ 45ರಷ್ಟು ಮಹಿಳೆಯರು.

ಮೇಲ್ಕಂಡ ಯಾವ ಗುಂಪಿನ ಜನರೂ ರೋಗದ ಮೂಲವಲ್ಲ ಎಂಬುದನ್ನು ಗಮನಿಸತಕ್ಕದ್ದು. ತಮ್ಮ ಆಯ್ಕೆಗೆ ಮೀರಿದ ಪರಿಸ್ಥಿತಿಯಲ್ಲಿ ಸಿಲುಕಿದವರಿಗೆ ರೋಗವು ಮೊದಲು ತಗುಲಿದೆ ಎಂಬುದಷ್ಟೇ ಇದರ ಅರ್ಥ. ರಾಜ್ಯದಲ್ಲಿ ಸೋಂಕಿನ ಪ್ರಮಾಣ ಇಳಿಮುಖವಾದುದರಲ್ಲಿ ಲೈಂಗಿಕ ವೃತ್ತಿನಿರತ ಮಹಿಳೆಯರ ಸಂಘಗಳ ಪಾತ್ರವೂ ದೊಡ್ಡದು. 2021ರ ಅಂದಾಜಿನಂತೆ ರಾಜ್ಯದಲ್ಲಿ ಸುಮಾರು 2.76 ಲಕ್ಷ ಮಂದಿ ಹೆಚ್.ಐ.ವಿ. ಸೋಂಕಿತರಿದ್ದರು. ವಯಸ್ಕರಲ್ಲಿ ಸೋಂಕಿನ ಪ್ರಮಾಣವು ಶೇ 0.46 ಆಗಿದ್ದು, ರಾಷ್ಟ್ರದ ಸರಾಸರಿ ಶೇ 0.21 ಆಗಿತ್ತು.

3. ಕ್ಷಯರೋಗ: ಬೆಂಗಳೂರು ಸುತ್ತಮುತ್ತಲಿನ ಅಧ್ಯಯನಗಳು ತಿಳಿಸಿದ ಸಂಗತಿ

ಕ್ಷಯರೋಗವು ಗಾಳಿಯ ಮೂಲಕ ಹರಡುತ್ತದೆ. ಆದುದರಿಂದ ಅದರ ನಕ್ಷೆಯು ವಸತಿ ಮತ್ತು ಆಹಾರದ ನಕ್ಷೆಯನ್ನು ಹೋಲುತ್ತದೆ. ಈ ರೋಗದ ಬಗ್ಗೆ ದೇಶವೇ ಪಾಠ ಕಲಿತ ಕೆಲವು ಮುಖ್ಯ ಅಧ್ಯಯನಗಳು ನಡೆದದ್ದು ನಮ್ಮ ಸುತ್ತಲಿನ ಹಳ್ಳಿಗಳಲ್ಲಿಯೇ.

ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿರುವ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು 1959ರಲ್ಲಿ ಆರಂಭವಾಯಿತು. ಸದರಿ ಸಂಸ್ಥೆಯು 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ 119 ಗ್ರಾಮಗಳಲ್ಲಿ ಸಮೀಕ್ಷೆ ನಡೆಸಿತು. ಆ ಗ್ರಾಮಗಳಲ್ಲಿ ಆಗ ಚಿಕಿತ್ಸಾ ಸೌಲಭ್ಯ ಬಹುಮಟ್ಟಿಗೆ ಇರಲಿಲ್ಲ. ಕಫದಲ್ಲಿ ರೋಗಾಣು ಕಂಡುಬಂದವರ ಪೈಕಿ ಐದು ವರ್ಷಗಳಲ್ಲಿ ಸುಮಾರು ಶೇ 49ರಷ್ಟು ಮಂದಿ ಮೃತರಾದರು. ಸುಮಾರು ಮೂರನೆಯ ಒಂದು ಭಾಗದವರು ತಾವಾಗಿಯೇ ಗುಣಮುಖರಾದರು. ಉಳಿದವರು ರೋಗಾಣುವನ್ನು ಹೊತ್ತುಕೊಂಡೇ ಬದುಕಿದ್ದು, ಸುತ್ತಲಿನವರಿಗೆ ಸೋಂಕು ಹರಡುವ ಸ್ಥಿತಿಯಲ್ಲಿದ್ದರು. ಚಿಕಿತ್ಸೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಲೆಕ್ಕ ಬೇಕಿಲ್ಲ.

ಇದೇ ಸಂಸ್ಥೆಯ ಡಾ. ದೇವಬರ ಬ್ಯಾನರ್ಜಿ ಹಾಗೂ ಸ್ಟಿಗ್ ಆಂಡರ್ಸನ್ ಅವರು ತುಮಕೂರು ಜಿಲ್ಲೆಯಲ್ಲಿ ನಡೆಸಿದ ಅಧ್ಯಯನವು 1963ರಲ್ಲಿ ಪ್ರಕಟವಾಯಿತು. ಹಳ್ಳಿಯ ಜನರಿಗೆ ತಿಳಿವಳಿಕೆ ಇಲ್ಲ, ಅವರು ಆಸ್ಪತ್ರೆಗೆ ಬರುವುದಿಲ್ಲ ಎಂಬುದು ಅಂದಿನ ಸಾಮಾನ್ಯ ಅಭಿಪ್ರಾಯವಾಗಿತ್ತು. ಆದರೆ ರೋಗಿಗಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಕೆಮ್ಮು, ಜ್ವರಗಳಿಗಾಗಿ ಈಗಾಗಲೇ ಚಿಕಿತ್ಸೆ ಅರಸಿ ಹೋಗಿದ್ದರೆಂದು ಅಧ್ಯಯನವು ತೋರಿಸಿತು. ಅವರಿಗೆ ದೊರೆತದ್ದು ಕಫ ಪರೀಕ್ಷೆಯಲ್ಲ, ಕೆಮ್ಮಿನ ಔಷಧಿಯ ಬಾಟಲಿ. ಲೋಪವು ಬಂದವರಲ್ಲಿರಲಿಲ್ಲ, ಬಂದವರನ್ನು ಪರೀಕ್ಷಿಸದ ವ್ಯವಸ್ಥೆಯಲ್ಲಿತ್ತು. ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಬೇಕೆಂದು ಇಂದು ಒತ್ತಿ ಹೇಳುವುದರ ಹಿಂದೆ ಈ ಪಾಠವಿದೆ.

ಆಹಾರದ ವಿಷಯದಲ್ಲಿ ಇತ್ತೀಚಿನ ಮುಖ್ಯ ಅಧ್ಯಯನವೂ ಕರ್ನಾಟಕದೊಂದಿಗೆ ಸಂಬಂಧ ಹೊಂದಿದೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಅವರು ಸಹೋದ್ಯೋಗಿಗಳೊಂದಿಗೆ ಜಾರ್ಖಂಡ್ ರಾಜ್ಯದ ನಾಲ್ಕು ಜಿಲ್ಲೆಗಳಲ್ಲಿ 2,800 ರೋಗಿಗಳ ಕುಟುಂಬಗಳ ನಡುವೆ ಈ ಅಧ್ಯಯನ ನಡೆಸಿದರು. ಅದರ ಫಲಿತಾಂಶವು 2023ರಲ್ಲಿ ಪ್ರಕಟವಾಯಿತು. ರೋಗಿಯೊಂದಿಗೆ ಮನೆಯವರಿಗೂ ಅಕ್ಕಿ, ಬೇಳೆ ಮುಂತಾದ ಪಡಿತರವನ್ನು ಪ್ರತಿ ತಿಂಗಳು ನೀಡಿದಾಗ ಮನೆಯ ಇತರರಲ್ಲಿ ಹೊಸದಾಗಿ ಕ್ಷಯ ಕಾಣಿಸಿಕೊಳ್ಳುವುದು ಸುಮಾರು ಶೇ 39ರಷ್ಟು ಕಡಿಮೆಯಾಯಿತು.

ದೇಶದಲ್ಲಿ ಕ್ಷಯರೋಗದ ಪ್ರಮಾಣವು 2015ರಲ್ಲಿ ಒಂದು ಲಕ್ಷ ಜನರಿಗೆ 237 ಇದ್ದುದು 2023ರಲ್ಲಿ 195ಕ್ಕೆ ಇಳಿದಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ.

4. ಎರಡು ರೋಗಗಳು ಒಂದೇ ದೇಹದಲ್ಲಿ ಸೇರಿದಾಗ

ಕ್ಷಯದ ರೋಗಾಣು ದೇಹವನ್ನು ಹೊಕ್ಕವರೆಲ್ಲರೂ ರೋಗಿಗಳಾಗುವುದಿಲ್ಲ. ಹತ್ತರಲ್ಲಿ ಒಂಬತ್ತು ಮಂದಿಯಲ್ಲಿ ರೋಗನಿರೋಧಕ ಶಕ್ತಿಯು ಅದನ್ನು ಜೀವನಪೂರ್ತಿ ಅಡಗಿಸಿಡುತ್ತದೆ. ಹೆಚ್.ಐ.ವಿ. ವೈರಾಣು ಆ ಶಕ್ತಿಯನ್ನೇ ಕುಂದಿಸುವುದರಿಂದ ಸೋಂಕಿತರಿಗೆ ಕ್ಷಯ ಬರುವ ಸಂಭವ ಇತರರಿಗಿಂತ ಹತ್ತು ಪಟ್ಟಿಗೂ ಮಿಗಿಲು. ಹೆಚ್.ಐ.ವಿ. ಸೋಂಕಿತರ ಸಾವಿನ ಪ್ರಮುಖ ಕಾರಣವೂ ಕ್ಷಯವೇ.

ಈ ಕಾರಣದಿಂದ ಕ್ಷಯರೋಗಿಗಳೆಲ್ಲರಿಗೂ ಹೆಚ್.ಐ.ವಿ. ಪರೀಕ್ಷೆಯನ್ನು ಸೂಚಿಸಲಾಗುತ್ತದೆ. ಹಾಗೆಯೇ ಎ.ಆರ್.ಟಿ. ಕೇಂದ್ರಕ್ಕೆ ಬರುವ ಪ್ರತಿಯೊಬ್ಬರಲ್ಲಿಯೂ ಕೆಮ್ಮು, ಜ್ವರ, ತೂಕ ಇಳಿಕೆ ಮತ್ತು ರಾತ್ರಿ ಬೆವರುವಿಕೆ ಇದೆಯೇ ಎಂದು ವಿಚಾರಿಸಲಾಗುತ್ತದೆ. ಇದನ್ನು ಅನುಮಾನವೆಂದು ಭಾವಿಸಬಾರದಾಗಿ ಕೋರಲಾಗಿದೆ.

5. ಉತ್ತರಹಳ್ಳಿ ಮತ್ತು ದಕ್ಷಿಣ ಬೆಂಗಳೂರು

ಉತ್ತರಹಳ್ಳಿಯು ಬೆಂಗಳೂರು ದಕ್ಷಿಣ ತಾಲ್ಲೂಕಿನ ಹೋಬಳಿ ಕೇಂದ್ರ. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ ಈ ಪ್ರದೇಶವು ನಗರದ ಆಡಳಿತಕ್ಕೆ ಸೇರಿತು. ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆಯು 2001ರ ಜನಗಣತಿಯಲ್ಲಿ 65.37 ಲಕ್ಷ ಇದ್ದುದು 2011ರಲ್ಲಿ 96.21 ಲಕ್ಷಕ್ಕೆ ಏರಿತು. ಈ ಏರಿಕೆಯ ದೊಡ್ಡ ಪಾಲನ್ನು ಹೊತ್ತದ್ದು ಉತ್ತರಹಳ್ಳಿಯಂತಹ ಅಂಚಿನ ಊರುಗಳು. ಹೊಲಗಳು ಬಡಾವಣೆಗಳಾದವು. ಆ ಬಡಾವಣೆಗಳನ್ನು ಕಟ್ಟಿದವರು ರಾಯಚೂರು, ಯಾದಗಿರಿ, ಕಲಬುರಗಿ ಮುಂತಾದ ಜಿಲ್ಲೆಗಳಿಂದ ಹಾಗೂ ಹೊರರಾಜ್ಯಗಳಿಂದ ಬಂದ ಕಾರ್ಮಿಕರು.

ಹೀಗೆ ಮೇಲಿನ ಕಂಡಿಕೆಗಳಲ್ಲಿ ವಿವರಿಸಿದ ದೂರದ ಜಿಲ್ಲೆಗಳ ಸ್ಥಿತಿಗೂ ನಮ್ಮ ಬೀದಿಗೂ ನೇರ ಸಂಬಂಧವಿದೆ. ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ ಒಂದೇ ಕೊಠಡಿಯಲ್ಲಿ ಐದಾರು ಮಂದಿ ಮಲಗುವಾಗ ಅವರಲ್ಲಿ ಒಬ್ಬರಿಗೆ ಕ್ಷಯವಿದ್ದರೆ ಗಾಳಿಯು ಎಲ್ಲರಿಗೂ ಒಂದೇ. ಚಿಕಿತ್ಸೆ ಪಡೆಯದ, ಕಫದಲ್ಲಿ ರೋಗಾಣುವಿರುವ ಒಬ್ಬ ರೋಗಿಯಿಂದ ವರ್ಷಕ್ಕೆ 10ರಿಂದ 15 ಮಂದಿಗೆ ಸೋಂಕು ಹರಡಬಹುದು. ದಿನಗೂಲಿಯವರಿಗೆ ಆಸ್ಪತ್ರೆಗೆ ಹೋದ ದಿನದ ಕೂಲಿ ಇಲ್ಲ. ಔಷಧಿ ಉಚಿತವಾದರೂ ಆ ದಿನದ ಊಟ ಉಚಿತವಲ್ಲ. ಕಾಮಗಾರಿ ಮುಗಿದೊಡನೆ ಶೆಡ್ಡು ಬೇರೆಡೆಗೆ ಹೋಗುತ್ತದೆ. ಅದರೊಂದಿಗೆ ರೋಗಿಯೂ ಹೋಗುತ್ತಾರೆ.

ಇದು ಕಾರ್ಮಿಕರಿಗೆ ಮಾತ್ರ ಸಂಬಂಧಿಸಿದ ವಿಷಯವೆಂದು ಭಾವಿಸುವುದು ತಪ್ಪು. ಮಧುಮೇಹವಿರುವವರಿಗೆ ಕ್ಷಯ ಬರುವ ಸಂಭವವು ಇತರರಿಗಿಂತ ಎರಡು ಮೂರು ಪಟ್ಟು ಹೆಚ್ಚು. ಜಯನಗರ, ಬನಶಂಕರಿ, ಜೆ.ಪಿ. ನಗರದ ಅನುಕೂಲಸ್ಥ ಮನೆಗಳಲ್ಲಿಯೂ ಮಧುಮೇಹ ಅಪರೂಪವಲ್ಲ. ಧೂಮಪಾನ ಮತ್ತು ಅತಿಯಾದ ಮದ್ಯಪಾನವೂ ಅಪಾಯವನ್ನು ಹೆಚ್ಚಿಸುತ್ತವೆ.

6. ಅಂಕಿ-ಅಂಶಗಳನ್ನು ಓದುವಾಗ ಗಮನಿಸಬೇಕಾದ ಅಂಶಗಳು

(ಅ) ರೋಗಿಯು ನೋಂದಣಿಯಾದ ಸ್ಥಳವೂ ಸೋಂಕು ತಗುಲಿದ ಸ್ಥಳವೂ ಒಂದೇ ಆಗಿರಬೇಕಾಗಿಲ್ಲ. ದಕ್ಷಿಣ ಬೆಂಗಳೂರಿನಲ್ಲಿ ಹೊಸೂರು ರಸ್ತೆಯ ಬಳಿ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆಯೂ (ಎಸ್.ಡಿ.ಎಸ್. ಕ್ಷಯರೋಗ ಆಸ್ಪತ್ರೆ) ಅನೇಕ ದೊಡ್ಡ ಆಸ್ಪತ್ರೆಗಳೂ ಇವೆ. ಇಲ್ಲಿಗೆ ರಾಜ್ಯದ ಎಲ್ಲ ಭಾಗಗಳಿಂದ ರೋಗಿಗಳು ಬರುತ್ತಾರೆ.

(ಆ) ಹೆಚ್ಚು ಪರೀಕ್ಷೆ ನಡೆದಲ್ಲಿ ಹೆಚ್ಚು ರೋಗಿಗಳು ಪತ್ತೆಯಾಗುತ್ತಾರೆ. ಕಡಿಮೆ ಸಂಖ್ಯೆಯು ಕೆಲವೊಮ್ಮೆ ರೋಗವಿಲ್ಲವೆಂಬುದನ್ನಲ್ಲ, ಪರೀಕ್ಷೆ ನಡೆದಿಲ್ಲವೆಂಬುದನ್ನು ಸೂಚಿಸುತ್ತದೆ.

(ಇ) ಆದ್ದರಿಂದ ಯಾವುದೇ ಬೀದಿ, ಕಾಲೋನಿ ಅಥವಾ ಜಿಲ್ಲೆಯ ಜನರನ್ನು ಅಂಕಿಗಳ ಆಧಾರದ ಮೇಲೆ ದೂಷಿಸುವುದಕ್ಕೆ ಆಧಾರವಿಲ್ಲ. ಹಾಗೆ ದೂಷಿಸಿದಲ್ಲಿ ಜನರು ಪರೀಕ್ಷೆಗೆ ಬರಲು ಅಂಜುತ್ತಾರೆ, ರೋಗವು ಮರೆಯಲ್ಲಿ ಹರಡುತ್ತದೆ.

7. ಲಭ್ಯವಿರುವ ಸೇವೆಗಳು

ಕ್ಷಯರೋಗಕ್ಕೆ ಸಂಬಂಧಿಸಿದಂತೆ:

(ಅ) ಪರೀಕ್ಷೆ: ಸರ್ಕಾರಿ ಆರೋಗ್ಯ ಕೇಂದ್ರಗಳ ಮೂಲಕ ಕಫ ಪರೀಕ್ಷೆಯನ್ನು ಉಚಿತವಾಗಿ ಮಾಡಲಾಗುತ್ತದೆ. ಟ್ರೂನಾಟ್, ಸಿಬಿ-ನಾಟ್ ಯಂತ್ರಗಳಿಂದ ರೋಗಾಣುವಿನೊಂದಿಗೆ ಮುಖ್ಯ ಔಷಧಿಗೆ ಅದು ಬಗ್ಗುವುದೇ ಎಂಬುದೂ ತಿಳಿಯುತ್ತದೆ.

(ಆ) ಚಿಕಿತ್ಸೆ: ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಔಷಧಿಯು ಉಚಿತ. ಔಷಧಿ ಆರಂಭಿಸಿದ ಕೆಲವು ವಾರಗಳಲ್ಲಿ ಸೋಂಕು ಹರಡುವ ಸಂಭವವು ಬಹಳ ಕಡಿಮೆಯಾಗುತ್ತದೆ. ಆದರೆ ಆರಾಮವೆನಿಸಿತೆಂದು ಔಷಧಿ ನಿಲ್ಲಿಸಿದಲ್ಲಿ ರೋಗವು ಔಷಧಿಗೆ ಬಗ್ಗದ ರೂಪದಲ್ಲಿ ಮರುಕಳಿಸಬಹುದು.

(ಇ) ಮನೆಯವರಿಗೆ: ಒಂದೇ ಮನೆಯಲ್ಲಿ ವಾಸಿಸುವವರನ್ನು ತಪಾಸಣೆ ಮಾಡಿ, ರೋಗವಿಲ್ಲದವರಿಗೆ ಮುಂಜಾಗ್ರತೆಯ ಔಷಧಿ ನೀಡಲಾಗುತ್ತದೆ.

(ಈ) ನಿಕ್ಷಯ್ ಪೋಷಣ್ ಯೋಜನೆ: 2018ರ ಏಪ್ರಿಲ್‌ನಲ್ಲಿ ತಿಂಗಳಿಗೆ ರೂ. 500ರಂತೆ ಆರಂಭವಾದ ಪೌಷ್ಟಿಕ ಆಹಾರದ ನೆರವನ್ನು 2024ರ ನವೆಂಬರ್ 1ರಿಂದ ರೂ. 1,000ಕ್ಕೆ ಹೆಚ್ಚಿಸಲಾಗಿದೆ. ಆರು ತಿಂಗಳ ಚಿಕಿತ್ಸೆಗೆ ಒಟ್ಟು ರೂ. 6,000 ರೋಗಿಯ ಬ್ಯಾಂಕ್ ಖಾತೆಗೆ ನೇರವಾಗಿ ಜಮೆಯಾಗುತ್ತದೆ. ಖಾಸಗಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುವವರೂ ನಿಕ್ಷಯ್ ನೋಂದಣಿಯಾದಲ್ಲಿ ಇದಕ್ಕೆ ಅರ್ಹರು.

ಹೆಚ್.ಐ.ವಿ.ಗೆ ಸಂಬಂಧಿಸಿದಂತೆ:

(ಅ) ಸಮಗ್ರ ಆಪ್ತ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಗಳಲ್ಲಿ (ಐ.ಸಿ.ಟಿ.ಸಿ.) ಪರೀಕ್ಷೆ ಉಚಿತ ಹಾಗೂ ಗೋಪ್ಯ.

(ಆ) ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಎ.ಆರ್.ಟಿ. ಚಿಕಿತ್ಸೆಯು 2004ರ ಏಪ್ರಿಲ್ 1ರಿಂದ ಆರಂಭವಾಯಿತು. ಸೋಂಕು ದೃಢಪಟ್ಟ ಎಲ್ಲರಿಗೂ ಸಿ.ಡಿ.4 ಪ್ರಮಾಣ ಎಷ್ಟೇ ಇರಲಿ ಚಿಕಿತ್ಸೆ ನೀಡುವ ನೀತಿಯು 2017ರಿಂದ ಜಾರಿಯಲ್ಲಿದೆ. ಬೆಂಗಳೂರಿನಲ್ಲಿ ವಿಕ್ಟೋರಿಯಾ ಹಾಗೂ ಬೌರಿಂಗ್ ಆಸ್ಪತ್ರೆಗಳಲ್ಲಿ, ಮಕ್ಕಳಿಗಾಗಿ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಲ್ಲಿ ಎ.ಆರ್.ಟಿ. ಕೇಂದ್ರಗಳಿವೆ.

(ಇ) ಔಷಧಿಯನ್ನು ತಪ್ಪದೆ ಸೇವಿಸಿ, ರಕ್ತದಲ್ಲಿ ವೈರಾಣುವಿನ ಪ್ರಮಾಣವು ಪತ್ತೆಯಾಗದ ಮಟ್ಟಕ್ಕೆ ಇಳಿದು ಹಾಗೆಯೇ ಉಳಿದಲ್ಲಿ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲ. ಸೋಂಕಿತ ಗರ್ಭಿಣಿಯು ಸಕಾಲದಲ್ಲಿ ಚಿಕಿತ್ಸೆ ಪಡೆದಲ್ಲಿ ಮಗುವಿಗೆ ಸೋಂಕು ತಗುಲದಂತೆ ಬಹುಮಟ್ಟಿಗೆ ತಡೆಯಬಹುದು.

8. ಊರು ಬದಲಾಯಿಸುವವರ ವಿಶೇಷ ಗಮನಕ್ಕೆ

ಚಿಕಿತ್ಸೆಯು ವ್ಯಕ್ತಿಗೆ ಸೇರಿದ್ದು, ವಿಳಾಸಕ್ಕೆ ಸೇರಿದ್ದಲ್ಲ. ಕಾಮಗಾರಿ ಮುಗಿದು, ಹಬ್ಬಕ್ಕೆ, ಹೆರಿಗೆಗೆ ಅಥವಾ ಬಿತ್ತನೆಗೆ ಊರಿಗೆ ಹೊರಡುವವರು ಈ ಕೆಳಕಂಡ ಕ್ರಮ ಅನುಸರಿಸತಕ್ಕದ್ದು:

(ಅ) ಹೊರಡುವ ಮೊದಲು ಚಿಕಿತ್ಸಾ ಕೇಂದ್ರದ ಸಿಬ್ಬಂದಿಗೆ ತಿಳಿಸಬೇಕು. ಹೋಗಲಿರುವ ಊರು, ತಾಲ್ಲೂಕು ಮತ್ತು ಜಿಲ್ಲೆಯ ಹೆಸರು ಹೇಳಿದರೆ ಸಾಕು.

(ಆ) ಕ್ಷಯರೋಗಿಗಳು ತಮ್ಮ ನಿಕ್ಷಯ್ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಈ ಸಂಖ್ಯೆಯು ಇಡೀ ದೇಶಕ್ಕೆ ಅನ್ವಯಿಸುವುದರಿಂದ ದಾಖಲೆಯನ್ನು ಹೊಸ ಕೇಂದ್ರಕ್ಕೆ ವರ್ಗಾಯಿಸಬಹುದು.

(ಇ) ಎ.ಆರ್.ಟಿ. ಪಡೆಯುವವರು ವರ್ಗಾವಣೆ ಪತ್ರ ಮತ್ತು ಚಿಕಿತ್ಸಾ ಪುಸ್ತಕವನ್ನು ಪಡೆದು, ಪ್ರಯಾಣದ ದಿನಗಳಿಗೆ ಸಾಕಾಗುವಷ್ಟು ಮಾತ್ರೆಗಳನ್ನು ಕೇಳಿ ಪಡೆಯಬೇಕು.

(ಈ) ತಿಳಿಸದೆ ಹೊರಟುಹೋಗಿದ್ದರೆ, ಔಷಧಿ ತಪ್ಪಿದ್ದರೆ, ಬೈಯುವರೆಂಬ ಅಂಜಿಕೆ ಬೇಡ. ಈಗ ಇರುವ ಊರಿನ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಅದೇ ದಿನ ಹೋಗುವುದು ಒಳಿತು.

9. ಕಾನೂನಿನ ರಕ್ಷಣೆ

ಹೆಚ್.ಐ.ವಿ. ಮತ್ತು ಏಡ್ಸ್ (ತಡೆಗಟ್ಟುವಿಕೆ ಮತ್ತು ನಿಯಂತ್ರಣ) ಅಧಿನಿಯಮ, 2017 ದಿನಾಂಕ 10.9.2018ರಿಂದ ಜಾರಿಗೆ ಬಂದಿದೆ. ಇದರ ಪ್ರಕಾರ:

(ಅ) ಉದ್ಯೋಗ, ಶಿಕ್ಷಣ, ಚಿಕಿತ್ಸೆ, ವಿಮೆ ಹಾಗೂ ಬಾಡಿಗೆ ಮನೆಯ ವಿಷಯದಲ್ಲಿ ಸೋಂಕಿತರ ವಿರುದ್ಧ ತಾರತಮ್ಯ ಮಾಡುವಂತಿಲ್ಲ. ಸೋಂಕಿನ ಕಾರಣಕ್ಕೆ ಮನೆ ಖಾಲಿ ಮಾಡಿಸುವುದೂ ಇದರಲ್ಲಿ ಸೇರುತ್ತದೆ.

(ಆ) ವ್ಯಕ್ತಿಯ ತಿಳಿವಳಿಕೆಯುಕ್ತ ಸಮ್ಮತಿಯಿಲ್ಲದೆ ಪರೀಕ್ಷೆ ಮಾಡುವುದು ಹಾಗೂ ಸೋಂಕಿನ ವಿಷಯವನ್ನು ಬಹಿರಂಗಪಡಿಸುವುದು, ಅಧಿನಿಯಮದಲ್ಲಿ ಹೇಳಿರುವ ಸಂದರ್ಭಗಳ ಹೊರತು, ಸಲ್ಲದು.

(ಇ) ದೂರುಗಳನ್ನು ಅಧಿನಿಯಮದ ಅಡಿಯ ಒಂಬುಡ್ಸ್‌ಮನ್ ಅವರಿಗೆ ಸಲ್ಲಿಸಬಹುದು. ಬರೆಯಲು ಬಾರದವರಿಗೆ ದೂರನ್ನು ಲಿಖಿತ ರೂಪಕ್ಕೆ ತರಲು ನೆರವು ನೀಡಬೇಕೆಂದು ಅಧಿನಿಯಮವೇ ಹೇಳುತ್ತದೆ.

10. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನನ್ನ ಪಡಿತರ ಚೀಟಿ ಊರಿನಲ್ಲಿದೆ. ಇಲ್ಲಿ ಕ್ಷಯದ ಪರೀಕ್ಷೆ ಮಾಡಿಸಬಹುದೇ?
ಉತ್ತರ: ಮಾಡಿಸಬಹುದು. ಇದಕ್ಕೆ ಪಡಿತರ ಚೀಟಿಯ ಅಗತ್ಯವಿಲ್ಲ. ಪೋಷಣ್ ಯೋಜನೆಯ ಹಣಕ್ಕೆ ಮಾತ್ರ ಬ್ಯಾಂಕ್ ಖಾತೆಯ ವಿವರ ಬೇಕು.

ಪ್ರಶ್ನೆ: ಎ.ಆರ್.ಟಿ. ಕೇಂದ್ರದಲ್ಲಿ ವಿಳಾಸದ ದಾಖಲೆ ಕೇಳುವರೇ?
ಉತ್ತರ: ನೋಂದಣಿಗಾಗಿ ಕೇಳಬಹುದು. ದಾಖಲೆ ಇಲ್ಲವೆಂದು ಹಿಂದಿರುಗಿ ಹೋಗದೆ, ಕೇಂದ್ರದ ಆಪ್ತ ಸಮಾಲೋಚಕರನ್ನು ಕಂಡು ತಿಳಿಸತಕ್ಕದ್ದು.

ಪ್ರಶ್ನೆ: ಮನೆ ಮಾಲೀಕರಿಗೆ ಅಥವಾ ಮೇಸ್ತ್ರಿಗೆ ವಿಷಯ ತಿಳಿಸುವರೇ?
ಉತ್ತರ: ಇಲ್ಲ. ಕ್ಷಯದ ವಿಷಯವನ್ನು ವೈದ್ಯರು ಆರೋಗ್ಯ ಇಲಾಖೆಗೆ ವರದಿ ಮಾಡುವುದು ಕಡ್ಡಾಯ. ಅದು ಚಿಕಿತ್ಸೆಯ ಸಲುವಾಗಿ ಮಾತ್ರ.

ಪ್ರಶ್ನೆ: ಉತ್ತರಹಳ್ಳಿ ಈಗ ಯಾವ ಜಿಲ್ಲೆಗೆ ಸೇರಿದೆ?
ಉತ್ತರ: ಬೆಂಗಳೂರು ನಗರ ಜಿಲ್ಲೆಗೆ. 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಮರುನಾಮಕರಣವಾದದ್ದು ಹಿಂದಿನ ರಾಮನಗರ ಜಿಲ್ಲೆ. ಅದೇ ವರ್ಷ ಬಿ.ಬಿ.ಎಂ.ಪಿ.ಯ ಸ್ಥಾನದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಹಾಗೂ ಐದು ನಗರ ಪಾಲಿಕೆಗಳು ರಚನೆಯಾಗಿವೆ. ಅರ್ಜಿಯಲ್ಲಿ ಹಳೆಯ ವಾರ್ಡಿನ ಹೆಸರಿದ್ದರೂ ಚಿಕಿತ್ಸೆಗೆ ಅಡ್ಡಿಯಿಲ್ಲ.

11. ಸಂಪರ್ಕ

ಹೆಚ್.ಐ.ವಿ. ಕುರಿತು ಉಚಿತ ಸಹಾಯವಾಣಿ: 1097. ಕ್ಷಯರೋಗ ಕುರಿತು ನಿಕ್ಷಯ್ ಸಂಪರ್ಕ ಸಹಾಯವಾಣಿ: 1800-11-6666. ಕರೆ ಮಾಡುವವರು ಹೆಸರು ಹೇಳಲು ಇಚ್ಛಿಸದಿದ್ದರೂ ಮಾಹಿತಿ ಪಡೆಯಬಹುದು.

ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು ಇವು ತಮ್ಮಲ್ಲಿ, ಮನೆಯವರಲ್ಲಿ ಅಥವಾ ತಮ್ಮ ಮನೆ ಕಟ್ಟುತ್ತಿರುವ ಕೆಲಸಗಾರರಲ್ಲಿ ಕಂಡುಬಂದಲ್ಲಿ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ನಮ್ಮ ಕ್ಲಿನಿಕ್‌ಗೆ ಕಳುಹಿಸಿಕೊಡುವಂತೆ ಹಾಗೂ ಆ ದಿನದ ಕೂಲಿಯನ್ನು ಕಡಿತಗೊಳಿಸದಂತೆ ಸಾರ್ವಜನಿಕರಲ್ಲಿ ಕೋರಲಾಗಿದೆ.